ಯೊಸೆಮಿಟಿಯ ಹುಲ್ಲುಗಾವಲುಗಳು ಕುಗ್ಗಿದ ಬಗೆ: ಒಂದು ಪ್ರಕರಣ ಅಧ್ಯಯನ

1894ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಯೊಸೆಮಿಟಿ ಕಣಿವೆಗೆ ಪಾಲಕರಾಗಿದ್ದ ಎಂಬತ್ತರ ವಯಸ್ಸಿನ ಗೇಲನ್ ಕ್ಲಾರ್ಕ್ ತಮ್ಮ ಮೇಲಿನ ಆಯುಕ್ತರ ಮಂಡಳಿಗೆ ಒಂದು ಕಾಗದ ಬರೆದರು. 1855ರ ಬೇಸಿಗೆಯಲ್ಲಿ ತಾವು ಮೊದಲ ಬಾರಿಗೆ ಈ ಕಣಿವೆಯನ್ನು ಕಂಡಾಗ ಮರ್ಸೆಡ್ ನದಿಯ ಈಚೆ ದಡದಿಂದ ಆಚೆ ಬದಿಯ ಬಂಡೆಗೋಡೆಯ ಬುಡದವರೆಗೆ ನೋಟಕ್ಕೆ ಅಡ್ಡ ಬರುವಂಥ ಎಳೆಮರಗಳ ಪೊದೆ ಎಲ್ಲಿಯೂ ಇರಲಿಲ್ಲವೆಂದೂ, ಆಗಿನ ಬಯಲು ಹುಲ್ಲುಗಾವಲು ಈಗಿರುವುದಕ್ಕಿಂತ ಕಡಿಮೆಯೆಂದರೂ ನಾಲ್ಕು ಪಟ್ಟು ವಿಶಾಲವಾಗಿತ್ತೆಂದೂ ಅವರು ಅದರಲ್ಲಿ ತಿಳಿಸಿದ್ದರು. ಈ ಮಾತಿನ ತೂಕ ತಿಳಿಯಬೇಕಾದರೆ ಒಂದು ಸಂಗತಿಯನ್ನು ಜೊತೆಗಿಟ್ಟು ನೋಡಬೇಕು: ಕ್ಲಾರ್ಕ್ ಕಂಡ ಆ ಮೂವತ್ತೊಂಬತ್ತು ವರ್ಷಗಳಲ್ಲಿ ಕೊನೆಯ ಮೂವತ್ತು ವರ್ಷ ಕಣಿವೆಯು ಕಾನೂನಿನ ರಕ್ಷಣೆಯಲ್ಲಿಯೇ ಇತ್ತು. ಉಳಿಸಲೆಂದು ಬೇಲಿ ಹಾಕಿದ ಮೇಲೆಯೇ ಕಣಿವೆಯ ನೆಲ ತನ್ನ ರೂಪವನ್ನು ಇಷ್ಟು ಬೇಗ ಕಳೆದುಕೊಂಡದ್ದು ಏಕೆ ಎಂಬುದು ಈ ಅಧ್ಯಯನದ ಪ್ರಶ್ನೆ.

ಬಂಡೆಗೋಡೆಗಳು

ಯೊಸೆಮಿಟಿ ಕಣಿವೆ ಸಿಯೆರಾ ನೆವಾಡಾ ಪರ್ವತಸಾಲಿನ ಪಡುವಣ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಉದ್ದ ಸುಮಾರು 12 ಕಿಲೋಮೀಟರ್, ಅಗಲ ಹೆಚ್ಚೆಂದರೆ ಒಂದೂವರೆ ಕಿಲೋಮೀಟರ್. ಎರಡೂ ಬದಿಗೆ 900 ಮೀಟರಿನಷ್ಟು ನೆಟ್ಟಗೆ ಎದ್ದು ನಿಂತ ಗ್ರಾನೈಟ್ ಗೋಡೆಗಳು. 3,000 ಚದರ ಕಿಲೋಮೀಟರಿಗೂ ಮಿಕ್ಕ ರಾಷ್ಟ್ರೀಯ ಉದ್ಯಾನದಲ್ಲಿ ಈ ಕಣಿವೆಯ ಪಾಲು ನೂರಕ್ಕೆ ಒಂದರಷ್ಟೂ ಇಲ್ಲ. ಆದರೆ ಉದ್ಯಾನಕ್ಕೆ ಬರುವ ಜನರಲ್ಲಿ ಬಹುಪಾಲಿನವರು ನೋಡಿ ಹೋಗುವುದು ಇದನ್ನೇ. 2016ರಲ್ಲಿ ಅವರ ಸಂಖ್ಯೆ 50 ಲಕ್ಷವನ್ನು ದಾಟಿತ್ತು.

ಗೋಡೆಗಳ ಕಲ್ಲು ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ, ಡೈನೊಸಾರ್‌ಗಳ ಕಾಲದಲ್ಲಿ, ನೆಲದ ಆಳದಲ್ಲಿ ತಣಿದು ಗಟ್ಟಿಯಾದ ಶಿಲಾರಸ. ಮೇಲಿನ ಮಣ್ಣುಕಲ್ಲು ಸವೆದು, ಪರ್ವತಸಾಲು ಪಡುವಣಕ್ಕೆ ವಾಲಿಕೊಂಡು ಮೇಲೆದ್ದಂತೆ, ಮರ್ಸೆಡ್ ನದಿಯ ಓಟ ಬಿರುಸಾಗಿ ಆಳವಾದ ಇಕ್ಕಟ್ಟು ಕಣಿವೆಯೊಂದು ಮೂಡಿತು. ಆಮೇಲೆ ಹಿಮಯುಗಗಳು ಬಂದವು. ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆ ಬಂದ ಅತಿ ದೊಡ್ಡ ಹಿಮನದಿ ಕಣಿವೆಯನ್ನು ಅಂಚಿನವರೆಗೂ ತುಂಬಿ, ತಳವನ್ನು ಎಷ್ಟು ಆಳಕ್ಕೆ ಕೊರೆಯಿತೆಂದರೆ, ಈಗಿನ ಹುಲ್ಲುನೆಲದಿಂದ ಗಟ್ಟಿ ಬಂಡೆಯವರೆಗೆ ಕೆಲವೆಡೆ 600 ಮೀಟರಿನಷ್ಟು ಹೂಳು, ಮರಳು, ಜಲ್ಲಿ ಇರುವುದನ್ನು ಕಂಪನ ಅಲೆಗಳ ಮಾಪನದಿಂದ ಕಂಡುಕೊಳ್ಳಲಾಗಿದೆ. ಪಕ್ಕದ ಸಣ್ಣ ತೊರೆಗಳ ಕಣಿವೆಗಳಿಗೆ ಅಷ್ಟು ಆಳಕ್ಕೆ ಇಳಿಯಲಾಗದೆ ಅವು ಮೇಲೆಯೇ ತೂಗಿಕೊಂಡು ಉಳಿದವು. 189 ಮೀಟರಿನ ಬ್ರೈಡಲ್‌ವೇಲ್ ಜಲಪಾತ ಅಂಥ ತೂಗುಕಣಿವೆಯೊಂದರ ಬಾಯಿಂದಲೇ ಧುಮುಕುತ್ತದೆ. 739 ಮೀಟರಿನ ಯೊಸೆಮಿಟಿ ಜಲಪಾತ ಹಿಮ ಕರಗುವ ತಿಂಗಳುಗಳಲ್ಲಿ ಭೋರ್ಗರೆದು, ಬೇಸಿಗೆಯ ಕೊನೆಗೆ ಬಹುಮಟ್ಟಿಗೆ ಬತ್ತಿಹೋಗುತ್ತದೆ. ಕಣಿವೆಯ ಗುರುತೇ ಆಗಿರುವ ಹಾಫ್ ಡೋಮ್ ಶಿಖರದ ಅರ್ಧವನ್ನು ಹಿಮನದಿ ಕತ್ತರಿಸಿಕೊಂಡು ಹೋಯಿತೆಂದು ನಂಬುವವರು ಇಂದಿಗೂ ಬಹಳ. ಅದರ ನೆತ್ತಿಯ ಮೇಲೆ ಹಿಮ ಎಂದೂ ಹರಿಯಲಿಲ್ಲ. ಬಂಡೆಯೊಳಗೆ ಮೊದಲೇ ಇದ್ದ ನೇರ ಬಿರುಕಿನ ಗುಂಟ ಕಲ್ಲು ಕಳಚಿಬಿದ್ದು ಆ ಮುಖ ಉಂಟಾಯಿತು.

ಈ ವಿವರಣೆ ಸುಲಭವಾಗಿ ನೆಲೆಗೊಳ್ಳಲಿಲ್ಲ. ಕ್ಯಾಲಿಫೋರ್ನಿಯಾ ಭೂವಿಜ್ಞಾನ ಸಮೀಕ್ಷೆಯ ಮುಖ್ಯಸ್ಥ ಜೊಸಾಯ ವಿಟ್ನಿ ಅವರು ಕಣಿವೆಯ ತಳವೇ ಕುಸಿದು ಕೆಳಗಿಳಿಯಿತೆಂದು ವಾದಿಸಿದ್ದರು. 1869ರ ಬೇಸಿಗೆಯಲ್ಲಿ ಕುರಿಮಂದೆಯ ಜೊತೆ ಸಿಯೆರಾ ಏರಿದ್ದ ಜಾನ್ ಮ್ಯೂರ್, ಬಂಡೆಗಳ ಮೇಲಿನ ಹೊಳಪನ್ನೂ ಗೀರುಗಳನ್ನೂ ಓದಿಕೊಂಡು, ಇದು ಹಿಮನದಿಯ ಕೆಲಸವೆಂದು 1871ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬರೆದರು. ಮರುವರ್ಷ ಅವರು ಎತ್ತರದ ಮ್ಯಾಕ್ಲೂರ್ ಹಿಮರಾಶಿಯಲ್ಲಿ ಗೂಟಗಳನ್ನು ನೆಟ್ಟು, ಅದು ದಿನಕ್ಕೆ ಒಂದಂಗುಲದಷ್ಟು ಸರಿಯುತ್ತಿದೆಯೆಂದು ಅಳೆದು ತೋರಿಸಿದರು. 1930ರಲ್ಲಿ ಫ್ರಾಂಸ್ವಾ ಮ್ಯಾಥಿಸ್ ಪ್ರಕಟಿಸಿದ ವಿಸ್ತಾರವಾದ ಅಧ್ಯಯನ ನದಿಗೂ ಹಿಮಕ್ಕೂ ಅವುಗಳ ಪಾಲನ್ನು ಹಂಚಿಕೊಟ್ಟಿತು.

ನಮ್ಮ ಪ್ರಕರಣಕ್ಕೆ ಬೇಕಾದದ್ದು ಕೊನೆಯ, ಎಲ್ಲಕ್ಕಿಂತ ಸಣ್ಣ ಹಿಮನದಿಯ ಸಂಗತಿ. ಸುಮಾರು 20,000 ವರ್ಷಗಳ ಹಿಂದೆ ಅದು ಬ್ರೈಡಲ್‌ವೇಲ್ ಜಲಪಾತದ ಸಮೀಪದವರೆಗೆ ಮಾತ್ರ ಬಂದು, ಹಿಂಜರಿಯುವಾಗ ಎಲ್ ಕ್ಯಾಪಿಟನ್ ಬಂಡೆಯ ಕೆಳಗೆ ಕೆಲಕಾಲ ತಂಗಿ, ತಾನು ಹೊತ್ತು ತಂದ ಕಲ್ಲುಮಣ್ಣನ್ನು ಕಣಿವೆಗೆ ಅಡ್ಡಲಾಗಿ ಒಂದು ದಿಬ್ಬದಂತೆ ಸುರಿಯಿತು. ಕೆರೆಯ ಏರಿಗೆ ಕಟ್ಟಿದ ಕೋಡಿಯಂತೆ ಈ ದಿಬ್ಬ ನದಿಯ ಮಟ್ಟವನ್ನು ಹಿಡಿದು ನಿಲ್ಲಿಸಿತು. ಅದರ ಹಿಂದೆ ನೀರು ನಿಂತು, ಹೂಳು ತುಂಬಿ, ವಸಂತದಲ್ಲಿ ನೀರುಕ್ಕಿ ಹರಡುವ, ವರ್ಷದ ಬಹುಕಾಲ ತೇವ ಆರದ ಸಪಾಟು ನೆಲ ರೂಪುಗೊಂಡಿತು. ಹುಲ್ಲುಗಾವಲಿನ ತೇವಕ್ಕೆ ಆಧಾರ ಈ ದಿಬ್ಬ. ಆದರೆ ತೇವ ಒಂದರಿಂದಲೇ ಬಯಲು ಬಯಲಾಗಿ ಉಳಿಯುವುದಿಲ್ಲ.

ನೆಲವನ್ನು ನೋಡಿಕೊಂಡವರು

ಹಲವು ಸಾವಿರ ವರ್ಷಗಳಿಂದ ಈ ಸೀಮೆಯಲ್ಲಿ ಮನುಷ್ಯರಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿದ್ದ ಜನ ಕಣಿವೆಯನ್ನು ಅವಾನಿ ಎಂದು ಕರೆಯುತ್ತಿದ್ದರು. ತೆರೆದ ಬಾಯಿಯಂಥ ಜಾಗ ಎಂಬುದು ಅದರ ಅರ್ಥವೆನ್ನುತ್ತಾರೆ. ಅವರು ಅವಾನೀಚಿಗಳು, ಸಿಯೆರಾದ ಮಿವಾಕ್ ಜನ. ಪರ್ವತದಾಚೆಯ ಮೋನೋ ಸರೋವರದ ಪೈಯೂಟ್ ಜನರೊಂದಿಗೆ ಅವರಿಗೆ ಕೊಡುಕೊಳ್ಳುವಿಕೆಯೂ ನೆಂಟಸ್ತಿಕೆಯೂ ಇತ್ತು. ಅವರ ಮುಖ್ಯ ಆಹಾರ ಕಪ್ಪು ಓಕ್ ಮರದ ಕಾಯಿ. ಶರತ್ಕಾಲದಲ್ಲಿ ಉದುರಿದ ಕಾಯಿಗಳನ್ನು ಆಯ್ದು, ಕಂಬಗಳ ಮೇಲೆ ಕಟ್ಟಿದ ಕಣಜಗಳಲ್ಲಿ ತುಂಬಿಡುತ್ತಿದ್ದರು. ಬೇಕಾದಾಗ ಸುಲಿದು, ಬಂಡೆಯಲ್ಲಿಯೇ ಕೊರೆದ ಒರಳುಗಳಲ್ಲಿ ಕುಟ್ಟಿ ಹಿಟ್ಟು ಮಾಡಿ, ನೀರನ್ನು ಮತ್ತೆ ಮತ್ತೆ ಹಾಯಿಸಿ ಅದರ ಒಗರನ್ನೆಲ್ಲ ತೆಗೆದು, ನೀರು ಸೋರದಂತೆ ಬಿಗಿಯಾಗಿ ಹೆಣೆದ ಬುಟ್ಟಿಗಳಲ್ಲಿ ಕಾದ ಕಲ್ಲುಗಳನ್ನಿಟ್ಟು ಅಂಬಲಿ ಕಾಯಿಸುತ್ತಿದ್ದರು. ಆ ಒರಳುಬಂಡೆಗಳು ಕಣಿವೆಯಲ್ಲಿ ಇಂದಿಗೂ ಕಾಣಸಿಗುತ್ತವೆ. ಊರ ಹೊರಗಿನ ಬಂಡೆಯ ಮೇಲೆ ಹಳೆಯ ಒರಳುಗುಳಿಗಳನ್ನು ಕಂಡಿರುವ ನಮ್ಮ ಕಡೆಯವರಿಗೆ ಅವುಗಳ ಬಳಕೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಓಕ್ ತೋಪು ಕಾಯಿ ಕೊಡುತ್ತಲೇ ಇರಬೇಕಾದರೆ ಅದಕ್ಕೆ ಬಿಸಿಲು ಬೇಕು. ದೇವದಾರು, ಪೈನ್‌ಗಳಂಥ ಸೂಚಿಪರ್ಣಿ ಮರಗಳು ಓಕ್‌ಗಿಂತ ಎತ್ತರಕ್ಕೆ ಬೆಳೆದು, ಅದರ ತಲೆಯ ಮೇಲೆ ನೆರಳು ಕವಿಸಿ, ಕ್ರಮೇಣ ಕೊಲ್ಲುತ್ತವೆ. ಅವುಗಳ ಸಸಿಗಳನ್ನು ತಡೆಯಲು ಅವಾನೀಚಿಗಳಿಗಿದ್ದ ಸಾಧನ ಬೆಂಕಿ. ಒಣಗಿದ ಹುಲ್ಲಿಗೂ ತರಗಿಗೂ ಅವರು ಕಾಲಕಾಲಕ್ಕೆ ಕಿಚ್ಚು ಹಾಕುತ್ತಿದ್ದರು. ನೆಲದ ಮೇಲೆ ತಗ್ಗಾಗಿ ಹರಿಯುವ ಅಂಥ ಬೆಂಕಿ ಬಲಿತ ಓಕ್ ಮರಕ್ಕೆ ಹಾನಿ ಮಾಡುವುದು ಕಡಿಮೆ. ಎಳೆಯ ಓಕ್ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ. ಸೂಚಿಪರ್ಣಿಯ ಸಸಿಗೆ ಆ ಶಕ್ತಿಯಿಲ್ಲ. ಅದೇ ಬೆಂಕಿ ಮೊದಲು ಉದುರಿದ ಹುಳುಕು ಕಾಯಿಗಳನ್ನು ಸುಟ್ಟು ಮುಂದಿನ ವರ್ಷದ ಹುಳುಗಳನ್ನು ತಗ್ಗಿಸುತ್ತಿತ್ತು, ಜಿಂಕೆಗಳಿಗೆ ಎಳೆ ಮೇವು ಚಿಗುರಿಸುತ್ತಿತ್ತು, ಬುಟ್ಟಿ ಹೆಣೆಯಲು ಬೇಕಾದ ಗಂಟಿಲ್ಲದ ನೇರ ಕಡ್ಡಿಗಳನ್ನು ಪೊದೆಗಳಿಂದ ಹೊರಡಿಸುತ್ತಿತ್ತು. ಇದು ಕಾಡನ್ನು ಸುಡುವ ಕೆಲಸವಲ್ಲ. ಹೊಲದ ಬದುವನ್ನು ಸವರಿಡುವ ರೈತನ ಕೆಲಸಕ್ಕೆ ಹತ್ತಿರವಾದದ್ದು ಎಂದು ನಾನು ತಿಳಿಯುತ್ತೇನೆ. ಕಣಿವೆಯ ನೆಲ ಕ್ಲಾರ್ಕ್ ಅವರ ಕಣ್ಣಿಗೆ ಉದ್ಯಾನದಂತೆ ಕಂಡಿದ್ದರೆ, ಅದನ್ನು ಉದ್ಯಾನವಾಗಿ ಇಟ್ಟುಕೊಂಡವರಿದ್ದರು.

ಮೂರು ತೀರ್ಮಾನಗಳು

1848ರಲ್ಲಿ ಸಿಯೆರಾದ ತಪ್ಪಲಿನಲ್ಲಿ ಚಿನ್ನ ಸಿಕ್ಕಿತು. ಎರಡು ಮೂರು ವರ್ಷಗಳಲ್ಲಿ ಗಣಿಗಾರರು ಮೂಲನಿವಾಸಿಗಳ ನೆಲ, ನೀರು, ಬೇಟೆಯ ತಾಣಗಳನ್ನೆಲ್ಲ ಆವರಿಸಿಕೊಂಡರು. 1850ರಲ್ಲಿ ಹೊಸ ಕ್ಯಾಲಿಫೋರ್ನಿಯಾ ರಾಜ್ಯ ಇಂಡಿಯನ್ನರ, ಎಂದರೆ ಈ ಮೂಲನಿವಾಸಿಗಳ, ಆಡಳಿತ ಮತ್ತು ರಕ್ಷಣೆಯ ಹೆಸರಿನಲ್ಲಿ ಮಾಡಿದ ಕಾಯ್ದೆಯಲ್ಲಿ ಹುಲ್ಲುಬಯಲಿಗೆ ಬೆಂಕಿ ಹಾಕುವುದನ್ನು ದಂಡನೀಯ ಅಪರಾಧವನ್ನಾಗಿಸಿತು. ಮರುವರ್ಷ ರಾಜ್ಯವೇ ಕಟ್ಟಿದ ಮ್ಯಾರಿಪೋಸ ದಳ, ಜೇಮ್ಸ್ ಸ್ಯಾವೇಜ್ ಎಂಬ ವ್ಯಾಪಾರಿಯ ಮುಂದಾಳ್ತನದಲ್ಲಿ, 1851ರ ಮಾರ್ಚಿಯಲ್ಲಿ ಕಣಿವೆಯನ್ನು ಹೊಕ್ಕು, ಹಳ್ಳಿಗಳಿಗೂ ಓಕ್ ಕಾಯಿಯ ಕಣಜಗಳಿಗೂ ಬೆಂಕಿಯಿಟ್ಟಿತು. ಕಣಜ ಸುಟ್ಟರೆ ಜನ ತಾವಾಗಿಯೇ ಶರಣಾಗುತ್ತಾರೆಂಬುದು ಅದರ ಲೆಕ್ಕ. ಮೇ ತಿಂಗಳಲ್ಲಿ ಕಣಿವೆಯ ಮೇಲ್ಗಡೆಯ ಸರೋವರವೊಂದರ ದಡದಲ್ಲಿ ಮುಖಂಡ ತೆನಾಯನ ಜನರನ್ನು ಹಿಡಿಯಲಾಯಿತು. ಅದಕ್ಕೆ ಮೊದಲೇ ತೆನಾಯನ ಒಬ್ಬ ಮಗ ಗುಂಡಿಗೆ ಬಲಿಯಾಗಿದ್ದ. ದಳದ ಜೊತೆಗಿದ್ದ ಲಫಾಯೆಟ್ ಬನೆಲ್, ಈ ಸರೋವರಕ್ಕೆ ನಿನ್ನ ಹೆಸರಿಡುತ್ತೇವೆಂದು ತೆನಾಯನಿಗೆ ಹೇಳಿದಾಗ, ಅದಕ್ಕೆ ಈಗಾಗಲೇ ಹೆಸರಿದೆ, ನಾವು ಅದನ್ನು ಪೈವಿಯಾಕ್ ಎನ್ನುತ್ತೇವೆ ಎಂದು ಆತ ಉತ್ತರಿಸಿದನೆಂಬುದನ್ನು ಬನೆಲ್ ಅವರೇ ದಾಖಲಿಸಿದ್ದಾರೆ. ಹೊಳೆವ ಬಂಡೆಗಳ ಜಾಗ ಎಂಬುದು ಆ ಹೆಸರಿನ ಅರ್ಥ. ಹಿಮನದಿ ಉಜ್ಜಿ ನಯಗೊಳಿಸಿದ ಗ್ರಾನೈಟನ್ನು ಆ ಜನ ಹೆಸರಿನಲ್ಲಿಯೇ ಗುರುತಿಸಿಟ್ಟಿದ್ದರು. ಎರಡು ವರ್ಷಗಳ ಬಳಿಕ ತೆನಾಯ ಕೊಲೆಯಾದ. ಬದುಕುಳಿದವರು ಸಣ್ಣ ಸಣ್ಣ ಗುಂಪುಗಳಾಗಿ ಕಣಿವೆಗೆ ಮರಳಿದರಾದರೂ, ನೆಲಕ್ಕೆ ಬೆಂಕಿ ಹಾಕುವ ಅಧಿಕಾರ ಅವರ ಕೈಯಲ್ಲಿ ಉಳಿಯಲಿಲ್ಲ.

ಎರಡನೆಯ ತೀರ್ಮಾನ ಮೇಲುನೋಟಕ್ಕೆ ಇದಕ್ಕೆ ತದ್ವಿರುದ್ಧವಾದದ್ದು. 1861ರಲ್ಲಿ ಕಾರ್ಲಟನ್ ವಾಟ್ಕಿನ್ಸ್ ದೊಡ್ಡ ಗಾಜಿನ ಫಲಕಗಳ ಮೇಲೆ ತೆಗೆದ ಕಣಿವೆಯ ಛಾಯಾಚಿತ್ರಗಳು ಪೂರ್ವ ತೀರದ ನಗರಗಳಲ್ಲಿ ಬೆರಗು ಹುಟ್ಟಿಸಿದವು. ಅಂತರ್ಯುದ್ಧ ಇನ್ನೂ ನಡೆಯುತ್ತಿದ್ದ 1864ರ ಜೂನ್ 30ರಂದು ಅಧ್ಯಕ್ಷ ಲಿಂಕನ್ ಸಹಿ ಮಾಡಿದ ಕಾನೂನು, ಕಣಿವೆಯನ್ನೂ ಮ್ಯಾರಿಪೋಸ ತೋಪಿನ ಸಿಕೋಯಾ ಮಹಾವೃಕ್ಷಗಳನ್ನೂ ಸಾರ್ವಜನಿಕರ ಬಳಕೆಗಾಗಿ, ಎಂದಿಗೂ ಪರಭಾರೆ ಮಾಡಕೂಡದೆಂಬ ಷರತ್ತಿನೊಂದಿಗೆ, ಕ್ಯಾಲಿಫೋರ್ನಿಯಾಕ್ಕೆ ವಹಿಸಿತು. ಮುಂದೆ ಬಂದ ರಾಷ್ಟ್ರೀಯ ಉದ್ಯಾನಗಳಿಗೆಲ್ಲ ದಾರಿ ತೋರಿದ ಕಾನೂನು ಇದು, ಮತ್ತು ಇದರ ಹಿರಿಮೆಯನ್ನು ಕಡಿಮೆ ಮಾಡಿ ಹೇಳುವ ಇಚ್ಛೆ ನನಗಿಲ್ಲ. ಈ ಕಾನೂನಿಲ್ಲದಿದ್ದರೆ ಕಣಿವೆ ಹೋಟೆಲು ಮತ್ತು ಸಾಮಿಲ್ಲುಗಳ ಪಾಲಾಗುತ್ತಿತ್ತು. ಆದರೆ ಆ ಛಾಯಾಚಿತ್ರಗಳಲ್ಲಿ ಕಂಡ ವಿಶಾಲ ಬಯಲು, ಅಲ್ಲಲ್ಲಿ ಬಿಡಿಬಿಡಿಯಾಗಿ ನಿಂತ ಓಕ್ ಮರಗಳು, ಹತ್ತೇ ವರ್ಷಗಳ ಹಿಂದೆ ಬಂದೂಕು ತೋರಿಸಿ ಹೊರಗಟ್ಟಿದ ಜನರ ಕೈಕೆಲಸವೆಂಬುದು ಕಾನೂನು ಬರೆದವರ ಅರಿವಿನಲ್ಲಿ ಇರಲಿಲ್ಲ. ಪ್ರಕೃತಿಯು ತಾನಾಗಿ ಹೀಗಿದೆ, ಕೈಹಚ್ಚದೆ ಬಿಟ್ಟರೆ ಹೀಗೆಯೇ ಇರುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು.

ಮೂರನೆಯದು ಕ್ಲಾರ್ಕ್ ಅವರದೇ. 1860 ಮತ್ತು 70ರ ದಶಕಗಳಲ್ಲಿ ಕಣಿವೆಯಲ್ಲಿ ಹೋಟೆಲುಗಳೆದ್ದು, ಪ್ರವಾಸಿಗಳ ಕುದುರೆಗಳಿಗೆ ಮೇವು ಬೇಕಾಯಿತು, ಹಾಲಿಗೆ ದನಗಳು ಬಂದವು, ಹುಲ್ಲುಗಾವಲಿನ ಭಾಗಗಳನ್ನು ಉತ್ತು ಬಿತ್ತಲಾಯಿತು. ವಸಂತದ ನೆರೆ ಇದಕ್ಕೆಲ್ಲ ಅಡ್ಡಿಯಾಗುತ್ತಿತ್ತು, ಸೊಳ್ಳೆಕಾಟವೂ ಇತ್ತು. 1879ರಲ್ಲಿ ಎಲ್ ಕ್ಯಾಪಿಟನ್ ಕೆಳಗಿನ ಕಲ್ಲುದಿಬ್ಬದ ನಡುವೆ ನದಿ ಹಾಯುವ ಕಡೆ ಇದ್ದ ದೊಡ್ಡ ಬಂಡೆಗಳನ್ನು ಅವರು ಸಿಡಿಮದ್ದಿನಿಂದ ಒಡೆಸಿದರು. ಕೋಡಿ ಕಡಿದಂತಾಗಿ ನದಿಯ ಪಾತ್ರ ಒಂದೂವರೆ ಮೀಟರಿನಷ್ಟು ತಗ್ಗಿತು. ಹುಲ್ಲುಗಾವಲುಗಳಲ್ಲಿ ಬಸಿಗಾಲುವೆಗಳನ್ನೂ ತೋಡಲಾಯಿತು. ತೇವ ಇಳಿದ ಕಡೆಗಳಲ್ಲೆಲ್ಲ, ಅದುವರೆಗೆ ಜೌಗಿನಲ್ಲಿ ಬೇರೂರಲಾರದಿದ್ದ ಪೈನ್ ಬೀಜಗಳು ಮೊಳೆತವು.

ಕ್ಲಾರ್ಕ್ ಅವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಕಣಿವೆಯನ್ನು ಅವರಷ್ಟು ಪ್ರೀತಿಸಿದವರು, ಅಷ್ಟು ಕಾಲ ಕಾಯ್ದವರು ವಿರಳ. ಜೌಗನ್ನು ಬಸಿಯುವುದು ಆ ಕಾಲದ ಎಲ್ಲ ತಿಳಿದವರ ಪ್ರಕಾರ ಒಳ್ಳೆಯ ಕೆಲಸವೇ ಆಗಿತ್ತು. ಅವರನ್ನು ಈ ಪ್ರಕರಣದ ನಡುವಿನಲ್ಲಿ ನಿಲ್ಲಿಸಲು ಕಾರಣ ಬೇರೆ: ನೆಲ ಮುಚ್ಚಿಕೊಳ್ಳುತ್ತಿರುವುದನ್ನು ಮೊದಲು ಗುರುತಿಸಿ, ಇಂಡಿಯನ್ನರು ಹಾಕುತ್ತಿದ್ದ ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಹೇಳಿದವರಲ್ಲಿಯೂ ಅವರೇ ಮುಖ್ಯರು.

ಬೆಂಕಿ ನಿಂತ ಮೇಲೆ

1890ರಲ್ಲಿ ಕಣಿವೆಯ ಸುತ್ತಲಿನ ಎತ್ತರದ ಸೀಮೆ ರಾಷ್ಟ್ರೀಯ ಉದ್ಯಾನವಾಯಿತು. 1906ರಲ್ಲಿ ಕಣಿವೆಯೂ ಅದಕ್ಕೆ ಸೇರಿತು. ಮೊದಲು ಕುದುರೆಪಡೆಯ ಸೈನಿಕರು, 1916ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉದ್ಯಾನ ಸೇವೆ ಆಮೇಲೆ, ಎಲ್ಲ ಬೆಂಕಿಯನ್ನೂ ಶತ್ರುವೆಂದೇ ಎಣಿಸಿ ಆರಿಸಿದರು. 1860ರ ದಶಕದ ನಕ್ಷೆಯಲ್ಲಿ ಸುಮಾರು 750 ಎಕರೆಯಿದ್ದ ಹುಲ್ಲುಗಾವಲು 1937ರ ಹೊತ್ತಿಗೆ ಅದರ ಅರ್ಧಕ್ಕೂ ಕಡಿಮೆಯಾಗಿತ್ತು. ಓಕ್ ತೋಪುಗಳೊಳಗೆ ಸೂಚಿಪರ್ಣಿಗಳು ದಟ್ಟೈಸಿದವು. ವಾಟ್ಕಿನ್ಸ್ ಕ್ಯಾಮೆರಾ ಇಟ್ಟಿದ್ದ ಕೆಲವು ಜಾಗಗಳಲ್ಲಿ ನಿಂತರೆ ಜಲಪಾತವೂ ಕಾಣದಂತಾಯಿತು.

1929ರಲ್ಲಿ ಟೊಟುಯ ಎಂಬ ವೃದ್ಧೆ ಕಣಿವೆಗೆ ಬಂದರು. ಆಕೆ ತೆನಾಯನ ಮೊಮ್ಮಗಳು. 1851ರಲ್ಲಿ ಮಗುವಾಗಿದ್ದಾಗ ಅಲ್ಲಿಂದ ಹೊರಬಿದ್ದವರು, ಮರಿಯ ಲೆಬ್ರಾಡೊ ಎಂಬ ಹೆಸರಿನಲ್ಲಿ ತಪ್ಪಲಿನ ಊರೊಂದರಲ್ಲಿ ಬದುಕಿದವರು. ಎಪ್ಪತ್ತೆಂಟು ವರ್ಷಗಳ ಬಳಿಕ ಹುಟ್ಟೂರನ್ನು ಕಂಡ ಆಕೆ, ಕಣಿವೆ ಕೊಳಕಾಗಿದೆ, ಪೊದೆ ಬೆಳೆದುಬಿಟ್ಟಿದೆ ಎಂದರಂತೆ. ಅಚ್ಚುಕಟ್ಟಾಗಿ ಕಾಪಾಡಿದ್ದೇವೆಂದು ಅಧಿಕಾರಿಗಳು ಹೆಮ್ಮೆಪಡುತ್ತಿದ್ದ ಉದ್ಯಾನವನ್ನು ನೋಡಿ ಆಡಿದ ಮಾತು ಇದು. ಗುಡಿಸದೆ ಬಿಟ್ಟ ಅಂಗಳವನ್ನು ಕಂಡ ಮನೆಯೊಡತಿಯ ಮಾತಿನಂತೆ ನನಗೆ ಇದು ಕೇಳಿಸುತ್ತದೆ. ಇಡೀ ಪ್ರಕರಣದಲ್ಲಿ ಇದಕ್ಕಿಂತ ನಿಖರವಾದ ಸಾಕ್ಷ್ಯವನ್ನು ನಾನು ಕಾಣೆ.

ಕಣಿವೆಯಲ್ಲಿ ಉಳಿದಿದ್ದ ಮೂಲನಿವಾಸಿಗಳು ಆ ಹೊತ್ತಿಗೆ ಹೋಟೆಲುಗಳಲ್ಲಿ, ಉದ್ಯಾನದ ಕೆಲಸಗಳಲ್ಲಿ ಕೂಲಿ ಮಾಡುತ್ತ, ಪ್ರವಾಸಿಗಳಿಗೆ ಬುಟ್ಟಿ ಹೆಣೆದು ಮಾರುತ್ತ ಬದುಕುತ್ತಿದ್ದರು. ಲೂಸಿ ಟೆಲ್ಲಿಸ್ 1933ರಲ್ಲಿ ಮುಗಿಸಿದ ಭಾರಿ ಬುಟ್ಟಿಯನ್ನು ನೋಡಿದರೆ ಆ ವಿದ್ಯೆ ಎಲ್ಲಿಯವರೆಗೆ ಏರಿತ್ತೆಂಬುದು ತಿಳಿಯುತ್ತದೆ. 1930ರ ದಶಕದಲ್ಲಿ ಅವರನ್ನು ಹಳೆಯ ಹಳ್ಳಿಯಿಂದ ಎಬ್ಬಿಸಿ ಕಣಿವೆಯ ಪಡುವಣದಲ್ಲಿ ಸಣ್ಣ ಮನೆಗಳನ್ನು ಕಟ್ಟಿಕೊಡಲಾಯಿತು. 1950ರ ದಶಕದಲ್ಲಿ ಉದ್ಯಾನದ ಕಾಯಂ ನೌಕರಿಯಲ್ಲಿ ಇರುವವರು ಮಾತ್ರ ಅಲ್ಲಿರಬಹುದೆಂಬ ನಿಯಮ ಬಂತು. 1969ರಲ್ಲಿ ಉಳಿದ ಮನೆಗಳನ್ನೂ ಇಲ್ಲವಾಗಿಸಲಾಯಿತು. ಬೆಂಕಿಯ ಬಳಕೆಯನ್ನು ಬಲ್ಲವರ ಕೊನೆಯ ನೆಲೆ ತೆರವಾದ ಮರುವರ್ಷ, 1970ರಲ್ಲಿ, ಉದ್ಯಾನದ ಆಡಳಿತ ತಾನೇ ನಿಯಂತ್ರಿತವಾಗಿ ಬೆಂಕಿ ಹಾಕಲು ತೊಡಗಿತು.

ಈ ತಿರುವಿಗೆ ವಿಜ್ಞಾನದ ಒತ್ತಾಸೆ ಇತ್ತು. ಮ್ಯಾರಿಪೋಸ ತೋಪಿನ ಸಿಕೋಯಾ ಮರಗಳ ಕಾಯಿ ಬಿರಿಯಲು ಬೆಂಕಿಯ ಕಾವು ನೆರವಾಗುತ್ತದೆಂದೂ, ತರಗು ಸುಟ್ಟು ಬರಿದಾದ ಮಣ್ಣಿನಲ್ಲಿ ಬೀಜ ಚೆನ್ನಾಗಿ ಮೊಳೆಯುತ್ತದೆಂದೂ, ಬೆಂಕಿಯನ್ನು ತಡೆದ ದಶಕಗಳಲ್ಲಿ ಅಲ್ಲಿ ಹೊಸ ಸಸಿಗಳೇ ಏಳಲಿಲ್ಲವೆಂದೂ 1960ರ ದಶಕದಲ್ಲಿ ಮನಗಾಣಲಾಗಿತ್ತು. 1972ರಿಂದ, ಎತ್ತರದ ಕೆಲವು ಭಾಗಗಳಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿಯನ್ನು ಕಾವಲಿಟ್ಟು ಉರಿಯಲು ಬಿಡಲಾಯಿತು. 2022ರ ಜುಲೈಯಲ್ಲಿ ವಾಶ್‌ಬರ್ನ್ ಕಾಡ್ಗಿಚ್ಚು ಮ್ಯಾರಿಪೋಸ ತೋಪಿನ ಅಂಚಿಗೆ ಬಂದಾಗ, ಹಿಂದೆ ಹಲವು ಬಾರಿ ನೆಲಬೆಂಕಿ ಹಾಯ್ದಿದ್ದ ಜಾಗಗಳಲ್ಲಿ ಜ್ವಾಲೆ ತಗ್ಗಿತು, ಮಹಾವೃಕ್ಷಗಳು ಉಳಿದವು.

ಕನ್ನಡ ಓದುಗರಿಗೆ ಈ ಸರಣಿ ಅಪರಿಚಿತವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ತರಗು ಬೆಂಕಿ 1974ರಲ್ಲಿ ಅಭಯಾರಣ್ಯ ಘೋಷಣೆಯಾದ ಬಳಿಕ ನಿಂತಿತು. ಆಮೇಲೆ ಲಂಟಾನ ಕಾಡಿನ ನೆಲವನ್ನು ತುಂಬಿತು, ನೆಲ್ಲಿಮರಗಳ ಮೇಲೆ ಬಂದಳಿಕೆ ಹೆಚ್ಚಿತು ಎಂದು ಸೋಲಿಗರು ಹೇಳುತ್ತ ಬಂದಿದ್ದಾರೆ, ಸಂಶೋಧಕರೂ ಅದನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ಎರಡು ಕಾಡುಗಳ ಗಿಡ, ಮಳೆ, ಮಣ್ಣು ಬೇರೆಬೇರೆ; ಒಂದರ ಪಾಠವನ್ನು ಇನ್ನೊಂದಕ್ಕೆ ಹಾಗೆಯೇ ಹೊಂದಿಸಲಾಗದು. ಆದರೆ ಬೆಂಕಿ ಹಾಕುತ್ತಿದ್ದವರನ್ನು ಕೇಳದೆಯೇ ಬೆಂಕಿಯನ್ನು ನಿಲ್ಲಿಸಿದ್ದು ಎರಡೂ ಕಡೆ ಒಂದೇ.

ಈಗ ಆಗುತ್ತಿರುವುದು

ಕಣಿವೆಯ ಕುಕ್ಸ್ ಮೆಡೊ ಎಂಬ ಹುಲ್ಲುಗಾವಲಿನಲ್ಲಿ ಹಳೆಯ ಬಸಿಗಾಲುವೆಗಳನ್ನು ಮುಚ್ಚಿ, ಪಾಳುಬಿದ್ದ ರಸ್ತೆಯ ಏರಿಯನ್ನು ಕಿತ್ತು, ನಡೆಯುವವರಿಗಾಗಿ ನೆಲಕ್ಕೆ ತಾಗದ ಮರದ ಹಾದಿ ಹಾಕಿದ ಮೇಲೆ ನೀರು ಮತ್ತೆ ಹರಡಿ ನಿಲ್ಲುತ್ತಿದೆ. ಓಕ್ ತೋಪುಗಳಲ್ಲಿ ನಿಯಂತ್ರಿತ ಬೆಂಕಿಯ ಜೊತೆಗೆ ಸೂಚಿಪರ್ಣಿಗಳನ್ನು ಕಡಿಯುವ ಕೆಲಸವೂ ನಡೆದಿದೆ. ನೂರು ವರ್ಷ ಬಲಿತ ಪೈನ್ ಮರವನ್ನು ತಗ್ಗು ಬೆಂಕಿ ಕೊಲ್ಲಲಾರದು. ಹಿಂದೆ ಒಂದು ಕೊಳ್ಳಿಯಿಂದ ಆಗುತ್ತಿದ್ದುದಕ್ಕೆ ಈಗ ಗರಗಸ, ಹೊಗೆಯ ಪರವಾನಗಿ, ಹವಾಮಾನದ ಲೆಕ್ಕ, ಬೆಂಕಿರೇಖೆ, ನೀರಿನ ಲಾರಿ ಎಲ್ಲವೂ ಬೇಕು.

ಬೆಂಕಿ ನಿಂತದ್ದು, ತೇವ ಇಳಿದದ್ದು ಈ ಎರಡರಲ್ಲಿ ಯಾವುದು ಹೆಚ್ಚು ಹೊಣೆ ಎಂಬ ಚರ್ಚೆಯಿದೆ. ನನ್ನ ತೀರ್ಮಾನದಲ್ಲಿ ಬೆಂಕಿಯದೇ ಮೊದಲ ಸ್ಥಾನ, ಏಕೆಂದರೆ ಕಲ್ಲುದಿಬ್ಬ ಒಡೆದ ನಂತರವೂ ವರ್ಷ ಬಿಟ್ಟು ವರ್ಷ ನೆಲಬೆಂಕಿ ಹಾಯುತ್ತಿದ್ದರೆ ಮೊಳೆತ ಸಸಿಗಳು ಮರವಾಗುವವರೆಗೆ ಬದುಕುತ್ತಿರಲಿಲ್ಲ. ಪಕ್ಕದ ಹೆಚ್ ಹೆಚಿ ಕಣಿವೆ ಇದಕ್ಕೆ ಹೋಲಿಕೆಯಾಗಿ ಒದಗಬಹುದಿತ್ತು. ಅದೂ ಹಿಮನದಿ ಕೊರೆದದ್ದು, ಅದರ ನೆಲವೂ ಹುಲ್ಲುಗಾವಲು. ಆದರೆ 1913ರ ಕಾನೂನಿನ ಪ್ರಕಾರ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ನೀರೊದಗಿಸಲು ಕಟ್ಟಿದ, 1923ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿದೆ.

1969ರಲ್ಲಿ ತೆರವಾದ ಹಳ್ಳಿಯ ಜಾಗದಲ್ಲಿ, ವಾಹೋಗ ಎಂಬ ಹೆಸರಿನಿಂದ, ಮರದ ತೊಗಟೆಯ ಮನೆಗಳನ್ನೂ ಆರಾಧನೆಯ ದುಂಡುಮನೆಯನ್ನೂ ಮತ್ತೆ ಕಟ್ಟಲು ಉದ್ಯಾನದ ಆಡಳಿತ 2018ರಲ್ಲಿ ಮಿವಾಕ್ ಜನರೊಂದಿಗೆ ಮೂವತ್ತು ವರ್ಷಗಳ ಒಪ್ಪಂದ ಮಾಡಿಕೊಂಡಿತು. ತಮ್ಮನ್ನು ಒಂದು ಬುಡಕಟ್ಟೆಂದು ಫೆಡರಲ್ ಸರ್ಕಾರ ಒಪ್ಪಬೇಕೆಂದು ಆ ಜನ ಮನವಿ ಸಲ್ಲಿಸಿದ್ದು 1982ರಲ್ಲಿ. ಮೇಲೆ, ಲೈಯಲ್ ಶಿಖರದ ಕೆಳಗಿನ ಹಿಮನದಿಯ ಚಲನೆ ನಿಂತುಹೋಗಿದೆಯೆಂದು ಅಳತೆಗಾರರು 2013ರಲ್ಲಿ ತಿಳಿಸಿದರು. ಮ್ಯೂರ್ ಗೂಟ ನೆಟ್ಟಿದ್ದ ನೆರೆಯ ಮ್ಯಾಕ್ಲೂರ್ ಹಿಮರಾಶಿ ಮಾತ್ರ ಇನ್ನೂ ದಿನಕ್ಕೆ ಒಂದಂಗುಲದಂತೆ ಸರಿಯುತ್ತಿತ್ತು. ಕೆಳಗೆ, ಎಲ್ ಕ್ಯಾಪಿಟನ್ ಬುಡದಲ್ಲಿ, ಕ್ಲಾರ್ಕ್ ಒಡೆಸಿದ ಕಲ್ಲುದಿಬ್ಬದ ಬಾಯಿ ಹಾಗೆಯೇ ಇದೆ, ಮತ್ತು ಮರ್ಸೆಡ್ ನದಿ ಈಗಲೂ ತಗ್ಗಿದ ಆ ಮಟ್ಟದಲ್ಲಿಯೇ ಹರಿದುಹೋಗುತ್ತದೆ.